ತಿಪ್ಪೆಯ ಗೊಬ್ಬರವು ಹೊಲವನ್ನು ಸೇರದಿರಲು ಕಾರಣಗಳು

ಸಗಣಿಯೂ ಗಂಜಲವೂ ಭೂಮಿಗೆ ಸಾರವೆಂಬುದನ್ನು ನಮ್ಮ ರೈತನಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ತಿಪ್ಪೆಯ ಪಕ್ಕದಲ್ಲಿ ತಾನಾಗಿ ಹುಟ್ಟಿದ ಕುಂಬಳದ ಬಳ್ಳಿಯನ್ನು ನೋಡಿದ ಹುಡುಗನಿಗೂ ಈ ಸಂಗತಿಯು ತಿಳಿದಿದೆ. ಹೀಗಿದ್ದರೂ ನಮ್ಮ ಗ್ರಾಮಗಳಲ್ಲಿ ದನಕರುಗಳಿಂದ ದೊರೆಯುವ ಗೊಬ್ಬರದಲ್ಲಿ ಬಹುಭಾಗವು ಒಲೆಯಲ್ಲಿ ಉರಿದೋ, ಮಳೆಯಲ್ಲಿ ಕೊಚ್ಚಿಹೋಗಿಯೋ, ಕೊಟ್ಟಿಗೆಯ ನೆಲದಲ್ಲಿ ಇಂಗಿಯೋ ನಷ್ಟವಾಗುತ್ತಿದೆ. ಬಲ್ಲವನು ಬಲ್ಲಂತೆ ಏಕೆ ನಡೆಯುವುದಿಲ್ಲವೆಂಬುದೇ ಈ ಲೇಖನದ ವಿಚಾರ. ರೈತನ ಅಜ್ಞಾನವನ್ನಾಗಲಿ ಸೋಮಾರಿತನವನ್ನಾಗಲಿ ದೂರಿ ಸುಮ್ಮನಾಗುವುದು ಸುಲಭ. ಆದರೆ ಹಾಗೆ ದೂರುವುದರಿಂದ ಒಂದು ಗಾಡಿ ಗೊಬ್ಬರವೂ ಹೊಲಕ್ಕೆ ಹೆಚ್ಚಾಗಿ ಹೋಗಲಾರದು. ಅವನು ಯಾವ ಲೆಕ್ಕಾಚಾರದಿಂದ ಹೀಗೆ ಮಾಡುತ್ತಾನೆಂಬುದನ್ನು ಅರಿತಲ್ಲಿ, ಆ ಲೆಕ್ಕಾಚಾರವನ್ನು ಬದಲಾಯಿಸುವ ಉಪಾಯವೂ ಗ್ರಾಮದ ಮುಖಂಡರಿಗೂ ಹಿಡುವಳಿದಾರರಿಗೂ ಹೊಳೆದೀತು.

ಈ ಪ್ರಶ್ನೆಯು ಹೊಸದಲ್ಲ. ಇಂಗ್ಲೆಂಡಿನ ರಾಯಲ್ ವ್ಯವಸಾಯ ಸಂಘದ ರಸಾಯನ ಶಾಸ್ತ್ರಜ್ಞರಾಗಿದ್ದ ಡಾಕ್ಟರ್ ವೋಲ್ಕರ್ ಎಂಬವರು 1889ರ ಕೊನೆಯಲ್ಲಿ ಈ ದೇಶಕ್ಕೆ ಬಂದು, ಅನೇಕ ಪ್ರಾಂತಗಳಲ್ಲಿ ಸಂಚರಿಸಿ, 1893ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ರೈತನು ಸಗಣಿಯನ್ನು ಸುಡುವುದು ಅದರ ಬೆಲೆಯನ್ನು ಅರಿಯದೆ ಅಲ್ಲ, ಬೇರೆ ಸೌದೆಯಿಲ್ಲದ ಕಾರಣದಿಂದ, ಎಂದು ಅವರು ಅಂದೇ ಕಂಡುಕೊಂಡರು. ಉರುವಲಿಗೂ ಮೇವಿಗೂ ಕಾದಿಟ್ಟ ತೋಪುಗಳನ್ನು ಬೆಳೆಸಬೇಕೆಂದು ಸಲಹೆ ಮಾಡಿದರು. ನೂರಮೂವತ್ತು ವರ್ಷಗಳು ಕಳೆದರೂ ಅವರ ಮಾತಿನಲ್ಲಿ ಸತ್ಯವು ಉಳಿದಿದೆ; ಆದರೆ ಇಂದು ಆ ಒಂದು ಕಾರಣಕ್ಕೆ ಬೇರೆ ಕಾರಣಗಳೂ ಬಂದು ಸೇರಿವೆ.

ನಷ್ಟವೆಷ್ಟು?

ನಾಲ್ಕು ರಾಸುಗಳುಳ್ಳ ಒಂದು ಮನೆಯನ್ನು ತೆಗೆದುಕೊಳ್ಳೋಣ. ರಾಸು ಒಂದಕ್ಕೆ ದಿನಕ್ಕೆ 10 ಕಿಲೋ ಹಸಿ ಸಗಣಿಯೆಂದು ಹಿಡಿದರೆ, ವರ್ಷಕ್ಕೆ ಹದಿನಾಲ್ಕೂವರೆ ಟನ್ನಿನಷ್ಟಾಗುತ್ತದೆ. ಇದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಆದರೂ, ಮೇವಿನ ಉಳಿಕೆ, ಕಸಕಡ್ಡಿ, ಬೂದಿ ಮುಂತಾದುವುಗಳನ್ನು ಕೂಡಿಸಿ ಹದವಾಗಿ ಕೊಳೆಯಿಸಿದಲ್ಲಿ ಹಲವು ಟನ್ನು ಒಳ್ಳೆಯ ಗೊಬ್ಬರವಾಗುತ್ತದೆ. ಮಳೆಯಾಶ್ರಯದ ರಾಗಿಗೆ ಶಿಫಾರಸು ಮಾಡಿರುವುದು ಹೆಕ್ಟೇರಿಗೆ 7.5 ಟನ್, ಎಂದರೆ ಎಕರೆಗೆ 3 ಟನ್. ಆದುದರಿಂದ ಈ ಮನೆಯವರು ತಮ್ಮ ಎರಡು ಮೂರು ಎಕರೆ ಖುಷ್ಕಿಗೆ ವರ್ಷವೂ ಗೊಬ್ಬರ ಹಾಕುವಷ್ಟು ಅನುಕೂಲವುಳ್ಳವರು. ಆದರೆ ಸಗಣಿಯಲ್ಲಿ ಅರ್ಧವು ಬೆರಣಿಯಾಗಿ, ಉಳಿದರ್ಧವು ಬಯಲು ತಿಪ್ಪೆಯಲ್ಲಿ ಬಿಸಿಲಿಗೆ ಒಣಗಿ ಮಳೆಗೆ ತೊಳೆದುಹೋದರೆ, ಅವರ ಹೊಲವು ಮೂರು ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಗೊಬ್ಬರವನ್ನು ಕಾಣುತ್ತದೆ.

ಗಂಜಲದ ನಷ್ಟವು ಇದಕ್ಕಿಂತಲೂ ಹೆಚ್ಚಿನದು. ದನವು ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧದಷ್ಟೂ, ಪೊಟ್ಯಾಷಿನಲ್ಲಿ ಹೆಚ್ಚಿನ ಭಾಗವೂ ಗಂಜಲದಲ್ಲಿಯೇ ಇರುತ್ತವೆ. ಸಗಣಿಯನ್ನಾದರೂ ಬುಟ್ಟಿಯಲ್ಲಿ ಎತ್ತುತ್ತಾರೆ, ಗಂಜಲವನ್ನು ಎತ್ತುವವರಿಲ್ಲ. ಬೆಳಗ್ಗೆ ಕೊಟ್ಟಿಗೆಯ ಬಾಗಿಲನ್ನು ತೆರೆದೊಡನೆ ಮೂಗಿಗೆ ಬಡಿಯುವ ಘಾಟು ವಾಸನೆಯೇ ಹೊಲಕ್ಕೆ ಹೋಗಬೇಕಾಗಿದ್ದ ಸಾರಜನಕವು ಗಾಳಿಗೆ ಹೋಗುತ್ತಿರುವ ಗುರುತು.

ಈ ನಷ್ಟಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

1. ಒಲೆಯ ಅಗತ್ಯ

ಒಲೆಯು ಇಂದೇ ಉರಿಯಬೇಕು. ಹೊಲವು ಮುಂದಿನ ಮಳೆಗಾಲದವರೆಗೆ ಕಾಯಬಲ್ಲದು. ಬೆರಣಿಯ ಮುಖ್ಯ ಕಾರಣವು ಈ ಒಂದು ಮಾತಿನಲ್ಲಿ ಅಡಗಿದೆ. 2016ರಲ್ಲಿ ಉಜ್ವಲಾ ಯೋಜನೆಯು ಪ್ರಾರಂಭವಾದ ಮೇಲೆ ಬಡವರ ಮನೆಗಳಿಗೂ ಅಡಿಗೆ ಅನಿಲದ ಸಿಲಿಂಡರು ಬಂದಿರುವುದು ನಿಜ. ಆದರೆ ಸಿಲಿಂಡರನ್ನು ಮತ್ತೆ ತುಂಬಿಸಲು ಒಮ್ಮೆಗೇ ಹಣ ಬೇಕು. ಬೆರಣಿಗೆ ಕೈಗಳೆರಡು ಸಾಕು. ಪ್ರಯುಕ್ತ ಕಾಫಿಗೂ ಅನ್ನಕ್ಕೂ ಅನಿಲ, ಸ್ನಾನದ ಹಂಡೆಗೂ ದನದ ಮುಸುರೆಗೂ ಬೆರಣಿ ಎಂಬ ಏರ್ಪಾಡು ಅನೇಕ ಮನೆಗಳಲ್ಲಿ ನಡೆದುಕೊಂಡು ಬಂದಿದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸಗಣಿಯನ್ನು ಎತ್ತುವವರೂ ಬೆರಣಿ ತಟ್ಟುವವರೂ ಹೆಂಗಸರು. ಬೆರಣಿಯು ಮಾರಿದರೆ ಅವರ ಕೈಗೆ ನಾಲ್ಕು ಕಾಸು ಕೊಡುತ್ತದೆ. ಉರಿಸಿದರೆ ಸೌದೆಗಾಗಿ ತಿರುಗುವ ಶ್ರಮವನ್ನು ಉಳಿಸುತ್ತದೆ. ಹೊಲಕ್ಕೆ ಹೋದ ಗೊಬ್ಬರದ ಫಲವು ಸುಗ್ಗಿಯಲ್ಲಿ ಯಜಮಾನನ ಲೆಕ್ಕಕ್ಕೆ ಸೇರುತ್ತದೆ. ಕೆಲಸವು ಒಬ್ಬರದು, ತೀರ್ಮಾನವು ಮತ್ತೊಬ್ಬರದು. ಗೊಬ್ಬರದ ವಿಚಾರವಾಗಿ ಗಂಡಸರ ಸಭೆಯಲ್ಲಿ ಮಾತ್ರ ಉಪನ್ಯಾಸ ಮಾಡಿ ಹಿಂದಿರುಗುವ ಅಧಿಕಾರಿಯು ಅರ್ಧ ಮನೆಯೊಡನೆ ಮಾತ್ರ ಮಾತನಾಡಿದಂತಾಯಿತು.

2. ಕೊಟ್ಟಿಗೆಯ ನೆಲ

ಮಣ್ಣಿನ ನೆಲದ ಕೊಟ್ಟಿಗೆಯಲ್ಲಿ ಗಂಜಲವು ಇಂಗಿಹೋಗುತ್ತದೆ. ಸಿಮೆಂಟಿನ ನೆಲದಲ್ಲಿ ಅದನ್ನು ಸುಲಭವಾಗಿ ಹಿಡಿಯಬಹುದಾಗಿತ್ತು. ಆದರೆ ಅಲ್ಲಿ ಬೇರೊಂದು ಕೇಡು ಉಂಟಾಗಿದೆ. ಹಾಲಿನ ವ್ಯಾಪಾರವು ಬೆಳೆದ ತಾಲ್ಲೂಕುಗಳಲ್ಲಿ ಮಿಶ್ರತಳಿಯ ಹಸುಗಳನ್ನು ದಿನವಿಡೀ ಕಟ್ಟಿಯೇ ಸಾಕುತ್ತಾರೆ. ಹಾಲು ಶುದ್ಧವಾಗಿರಬೇಕೆಂದು ನೆಲವನ್ನು ಕೊಳವೆಯ ನೀರಿನಿಂದ ತೊಳೆಯುತ್ತಾರೆ. ಸಗಣಿ, ಗಂಜಲ, ನೀರು ಮೂರೂ ಬೆರೆತು ಚರಂಡಿಗೆ ಹೋಗುತ್ತವೆ. ಹೀಗೆ ನೀರಾದ ಗೊಬ್ಬರವನ್ನು ಬುಟ್ಟಿಯಲ್ಲಿ ಹೊರಲಾಗದು, ಗಾಡಿಯಲ್ಲಿ ಸಾಗಿಸಲಾಗದು. ಹಾಲಿನ ಹಣವು ವಾರವಾರವೂ ಕೈಸೇರುವುದರಿಂದ ಹಸುವಿನ ಮುಂಭಾಗಕ್ಕೆ, ಎಂದರೆ ಮೇವಿಗೆ, ರೈತನು ಸಂತೋಷದಿಂದ ಖರ್ಚು ಮಾಡುತ್ತಾನೆ. ಹಿಂಭಾಗದ ಆದಾಯವು ಅವನ ಲೆಕ್ಕದಲ್ಲಿ ಬರುವುದೇ ಇಲ್ಲ.

3. ಆಳು ಮತ್ತು ಸಾಗಣೆ

ಹಿಂದೆ ಮನೆಯ ಎತ್ತು, ಮನೆಯ ಗಾಡಿ, ಮನೆಯ ಆಳು ಇದ್ದಾಗ, ಬೇಸಗೆಯ ಬಿಡುವಿನಲ್ಲಿ ಗೊಬ್ಬರ ಹೊಡೆಯುವುದಕ್ಕೆ ಹಣದ ಖರ್ಚಿರಲಿಲ್ಲ. ಈಗ ಉಳುವುದು ಟ್ರ್ಯಾಕ್ಟರು. ಎತ್ತಿನ ಜೋಡಿಯನ್ನು ವರ್ಷವಿಡೀ ಸಾಕುವವರು ಕಡಮೆ. ಗೊಬ್ಬರವನ್ನು ತೋಡುವುದಕ್ಕೂ, ಟ್ರೈಲರಿಗೆ ತುಂಬುವುದಕ್ಕೂ, ಹೊಲದಲ್ಲಿ ಹರಡುವುದಕ್ಕೂ ಕೂಲಿ ಕೊಡಬೇಕು. ಹೊಲವು ದೂರವಾದಷ್ಟೂ ಖರ್ಚು ಹೆಚ್ಚುತ್ತದೆ. ಆದುದರಿಂದಲೇ ಊರಂಚಿನ ಹೊಲಗಳು ಕಪ್ಪಗೆ ಕೊಬ್ಬಿರುವುದನ್ನೂ, ಎಲ್ಲೆಯ ಕಡೆಯ ಹೊಲಗಳು ಬಿಳಿಚಿಕೊಂಡು ಬಡವಾಗಿರುವುದನ್ನೂ ಯಾವ ಗ್ರಾಮದಲ್ಲಾದರೂ ನೋಡಬಹುದು.

ಇದರಿಂದ ಮತ್ತೊಂದು ವಿಚಿತ್ರವೂ ಉಂಟಾಗಿದೆ. ಜಮೀನುಳ್ಳವನಿಗೆ ದನಗಳಿಲ್ಲ, ದನಗಳನ್ನು ಸಾಕುವ ಸಣ್ಣ ರೈತನಿಗೆ ಅಷ್ಟೂ ಗೊಬ್ಬರವನ್ನು ಹಿಡಿಸುವಷ್ಟು ಜಮೀನಿಲ್ಲ. ಒಬ್ಬನ ಮನೆಯ ಮುಂದೆ ತಿಪ್ಪೆಯು ಬೆಳೆಯುತ್ತದೆ. ಇನ್ನೊಬ್ಬನ ಹೊಲವು ಸೊರಗುತ್ತದೆ. ಉತ್ತರದ ಬಯಲುಸೀಮೆಯಲ್ಲಿ ಕುರುಬರು ಸುಗ್ಗಿಯ ತರುವಾಯ ಕುರಿಮಂದೆಯನ್ನು ಹೊಲದಲ್ಲಿ ನಿಲ್ಲಿಸುವ ಹಳೆಯ ಪದ್ಧತಿಯು ಈ ತೊಡಕಿಗೆ ಒಳ್ಳೆಯ ಪರಿಹಾರ. ಅಲ್ಲಿ ಗೊಬ್ಬರವೇ ನಡೆದುಕೊಂಡು ಹೊಲಕ್ಕೆ ಬರುತ್ತದೆ. ಹಿಕ್ಕೆಯೂ ಮೂತ್ರವೂ ಎರಡೂ ನೆಲದಲ್ಲಿಯೇ ಬೀಳುತ್ತವೆ. ಹೊಲದವನು ರಾತ್ರಿಯ ಲೆಕ್ಕದಲ್ಲಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಎರಡು ಕಡೆಗೂ ಲಾಭವಿರುವುದರಿಂದ ಈ ಪದ್ಧತಿಯು ಯಾರ ಉಪದೇಶವೂ ಇಲ್ಲದೆ ಉಳಿದುಬಂದಿದೆ.

4. ಚೀಲದ ಗೊಬ್ಬರದ ಅಗ್ಗ

ಈ ಅಂಶವನ್ನು ಮುಚ್ಚಿಡದೆ ಹೇಳಬೇಕಾಗಿದೆ. ಚೆನ್ನಾಗಿ ಕಾಪಾಡಿದ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಅರ್ಧ ಪಾಲು. ಎಂದರೆ 10 ಟನ್ನಿಗೆ 50 ಕಿಲೋ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುವುದರಿಂದ, 45 ಕಿಲೋ ತೂಕದ ಎರಡೂವರೆ ಚೀಲಕ್ಕಿಂತ ಕಡಮೆ ಯೂರಿಯಾವು ಆ 50 ಕಿಲೋವನ್ನು ಕೊಡುತ್ತದೆ. 2018ರಲ್ಲಿ ನಿಗದಿಯಾದಂತೆ ಈ ಚೀಲದ ಬೆಲೆಯು, ಬೇವಿನ ಲೇಪದ ಖರ್ಚೂ ತೆರಿಗೆಯೂ ಹೊರತಾಗಿ, 242 ರೂಪಾಯಿ. ಸುಮಾರು 600 ರೂಪಾಯಿಗೆ ಅಂಗಡಿಯಲ್ಲಿ ದೊರೆತು ಬೈಸಿಕಲ್ಲಿನ ಮೇಲೆ ಮನೆಗೆ ಬರುವ ವಸ್ತುವಿಗಾಗಿ 10 ಟನ್ ಭಾರವನ್ನು ಕೂಲಿ ಕೊಟ್ಟು ಸಾಗಿಸುವುದೇಕೆ ಎಂದು ರೈತನು ಕೇಳಿದರೆ, ಅವನನ್ನು ದಡ್ಡನೆನ್ನಲಾಗದು. ಸಾರಜನಕವೊಂದನ್ನೇ ನೋಡಿದರೆ ಅವನ ಲೆಕ್ಕವು ಸರಿಯೇ.

ಆದರೆ ಆ ಲೆಕ್ಕದಲ್ಲಿ ಕೆಲವು ಬಾಬುಗಳು ಬಿಟ್ಟುಹೋಗಿವೆ. ಅದೇ 10 ಟನ್ನಿನಲ್ಲಿ ರಂಜಕಾಮ್ಲವು 20 ಕಿಲೋಗೆ ಕಡಮೆಯಿಲ್ಲದೆಯೂ, ಪೊಟ್ಯಾಷ್ 50 ಕಿಲೋವರೆಗೂ ಇರುತ್ತದೆ. ಸತು ಮೊದಲಾದ ಸೂಕ್ಷ್ಮ ವಸ್ತುಗಳೂ ಸ್ವಲ್ಪಸ್ವಲ್ಪ ಇರುತ್ತವೆ. ಯೂರಿಯಾದಲ್ಲಿ ಇವು ಒಂದೂ ಇಲ್ಲ. ಇವೆಲ್ಲಕ್ಕಿಂತಲೂ ಮುಖ್ಯವಾದುದು ಮಣ್ಣಿಗೆ ಸೇರುವ ಸಾವಯವ ಪದಾರ್ಥ. ನಮ್ಮ ಕೆಮ್ಮಣ್ಣಿನ ಹೊಲಗಳಲ್ಲಿ ಮಳೆಯ ನೀರು ನಿಲ್ಲುವುದೂ, ಮಳೆ ತಪ್ಪಿದಾಗ ಪೈರು ಹತ್ತು ದಿನ ತಾಳುವುದೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿವೆ. ಯೂರಿಯಾ ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಗೊಬ್ಬರವುಂಡ ಭೂಮಿಯಲ್ಲಿ ಯೂರಿಯಾವು ಚೆನ್ನಾಗಿ ಕೆಲಸ ಮಾಡುತ್ತದೆ. ಬರಿಯ ಮರಳಾದ ಭೂಮಿಯಲ್ಲಿ ಅದು ನೀರಿನೊಡನೆ ಇಳಿದುಹೋಗುತ್ತದೆ.

5. ಭೂಮಿಯ ಮೇಲಣ ಭರವಸೆ

ಕೊಟ್ಟಿಗೆ ಗೊಬ್ಬರದ ಫಲವು ಒಂದೇ ಬೆಳೆಗೆ ಮುಗಿಯುವುದಿಲ್ಲ. ಇಂಗ್ಲೆಂಡಿನ ರಾಥಂಸ್ಟೆಡ್ ಪ್ರಯೋಗ ಕ್ಷೇತ್ರದಲ್ಲಿ ಬಾರ್ಲಿ ಬೆಳೆಯುವ ಒಂದು ತುಂಡು ಭೂಮಿಗೆ 1852ರಿಂದ 1871ರವರೆಗೆ ವರ್ಷವೂ ಕೊಟ್ಟಿಗೆ ಗೊಬ್ಬರವನ್ನು ಹಾಕಿ, ತರುವಾಯ ನಿಲ್ಲಿಸಿಬಿಟ್ಟರು. ನೂರು ವರ್ಷಗಳಾದ ಮೇಲೆಯೂ ಆ ತುಂಡಿನ ಮಣ್ಣು, ಎಂದೂ ಗೊಬ್ಬರ ಕಾಣದ ಪಕ್ಕದ ತುಂಡಿಗಿಂತ ಸಾರವತ್ತಾಗಿಯೇ ಇತ್ತು. ನಮ್ಮ ಉಷ್ಣದೇಶದಲ್ಲಿ ಕೊಳೆಯುವುದು ಬೇಗ. ಅಷ್ಟು ಕಾಲ ಉಳಿಯದಿದ್ದರೂ ಎರಡು ಮೂರು ಬೆಳೆಗಳಿಗಂತೂ ಅದರ ಫಲವು ಕಾಣುತ್ತದೆ.

ಈ ಗುಣವೇ ಒಂದು ಅಡ್ಡಿಯೂ ಆಗಿದೆ. ಮೂರು ವರ್ಷ ಫಲಕೊಡುವ ಗೊಬ್ಬರವನ್ನು, ಒಂದು ವರ್ಷದ ಮಾತಿನ ಮೇಲೆ ಉಳುವವನು ಏಕೆ ಹಾಕಿಯಾನು? 1974ರ ಭೂಸುಧಾರಣೆಯ ತರುವಾಯ ಗುತ್ತಿಗೆಯು ಬಹುಮಟ್ಟಿಗೆ ಕಾನೂನಿನಿಂದ ನಿಷಿದ್ಧವಾದರೂ, ಬಾಯಿಮಾತಿನಲ್ಲಿ ಕೋರಿಗೆ ಕೊಡುವ ರೂಢಿಯು ನಿಂತಿಲ್ಲವೆಂಬುದು ವಾಚಕರಿಗೆ ತಿಳಿದೇ ಇದೆ. ಅಂಥವನು ತನ್ನ ಕೊಟ್ಟಿಗೆಯ ಗೊಬ್ಬರವನ್ನು ತನ್ನ ಅರ್ಧ ಎಕರೆಗೆ ಹಾಕಿಕೊಂಡು, ಕೋರಿನ ಹೊಲಕ್ಕೆ ಯೂರಿಯಾ ಚೆಲ್ಲುತ್ತಾನೆ. ಹಾಗೆ ಮಾಡುವುದು ಅವನಿಗೆ ಸಹಜ. ಹತ್ತು ವರ್ಷಗಳಲ್ಲಿ ಬಡವಾಗುವುದು ಮಾತ್ರ ಹೊಲದ ಯಜಮಾನನ ಭೂಮಿ.

6. ಜಾಗವೂ ನೆರೆಹೊರೆಯೂ

ಗುಂಡಿ ತೆಗೆಯಿರಿ ಎಂದು ಹೇಳುವುದು ಸುಲಭ, ಎಲ್ಲಿ ತೆಗೆಯಬೇಕು? ಊರೊಳಗಿನ ನಿವೇಶನಗಳು ಪಾಲುಪಾಲಾಗಿ, ತಿಪ್ಪೆಗೆಂದು ಬಿಟ್ಟಿದ್ದ ಹಿತ್ತಲುಗಳಲ್ಲಿ ಮನೆಗಳಾಗಿವೆ. ಬೀದಿಯ ಬದಿಯಲ್ಲಿಟ್ಟ ತಿಪ್ಪೆಯ ವಿಷಯದಲ್ಲಿ ಜಗಳವುಂಟಾದರೆ, ರೈತನು ತಿಪ್ಪೆಯನ್ನೇ ಬಿಡುತ್ತಾನೆ. ಇಲ್ಲವೆ ಸಿಕ್ಕಿದ ಬೆಲೆಗೆ ತೋಟದವರಿಗೆ ಮಾರಿಬಿಡುತ್ತಾನೆ. ನೆರೆಯವರ ಆಕ್ಷೇಪಣೆಯೂ ನಿರಾಧಾರವಲ್ಲ. ನೊಣಗಳು ಅಲ್ಲಿ ಹುಟ್ಟುತ್ತವೆ. ಬಾವಿಗೂ ಕೊಳವೆಬಾವಿಗೂ ಹತ್ತಿರವಿರುವ ತಿಪ್ಪೆಯಿಂದ ನೈಟ್ರೇಟು ನೆಲದೊಳಕ್ಕೆ ಇಳಿದು ಕುಡಿಯುವ ನೀರನ್ನು ಕೆಡಿಸುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮಿಗೆ ಮೀರಿರಬಾರದೆಂದು ನಮ್ಮ ದೇಶದ ಮಾನಕ. ಮೀರಿದಲ್ಲಿ ಎಳೆಯ ಕೂಸುಗಳ ರಕ್ತವು ಪ್ರಾಣವಾಯುವನ್ನು ಸಾಗಿಸುವ ಶಕ್ತಿಯನ್ನು ಕಳೆದುಕೊಂಡು, ಮೈ ನೀಲಿಗಟ್ಟುವ ಅಪಾಯವಿದೆ. ಆದುದರಿಂದ ತಿಪ್ಪೆಯ ಜಾಗವು ಒಬ್ಬನ ಮನೆಯ ವಿಷಯವಲ್ಲ. ಇಡೀ ಗ್ರಾಮದ ವಿಷಯ.

ಎರಡು ಸ್ಥಳಗಳ ನಿದರ್ಶನ

ಒಂದೇ ಸಗಣಿಯಿಂದ ಒಲೆಗೆ ಉರಿಯೂ ಹೊಲಕ್ಕೆ ಗೊಬ್ಬರವೂ ದೊರೆಯುವ ಉಪಾಯವು ಗೋಬರ್ ಗ್ಯಾಸ್. ಸಾರಜನಕವು ಗುಂಡಿಯ ಬಗ್ಗಡದಲ್ಲಿಯೇ ಉಳಿಯುತ್ತದೆ; ಉರಿಯುವ ಅನಿಲವು ಮಾತ್ರ ಹೊರಬರುತ್ತದೆ. ಇಷ್ಟು ಲಾಭವಿದ್ದರೂ ಒಂದು ಕಡೆ ಅದು ನೆಲೆಗೊಂಡಿತು. ಮತ್ತೊಂದು ಕಡೆ ಮೊದಲು ಎಡವಿ, ಬಳಿಕ ದಾರಿಯನ್ನು ಬದಲಾಯಿಸಬೇಕಾಯಿತು.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಗ್ರಾಮದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಎಂಬ ಶಾಖೆಯವರು ಊರಿಗೆಲ್ಲ ಸೇರಿದ ಗೋಬರ್ ಗ್ಯಾಸ್ ಘಟಕವನ್ನು ಕಟ್ಟಿ, 1980ರ ದಶಕದ ಮೊದಲ ಭಾಗದಲ್ಲಿ ಮನೆಮನೆಯ ಒಲೆಗೆ ಅನಿಲವನ್ನು ಒದಗಿಸಲು ಯತ್ನಿಸಿದರು. ಅದು ನಡೆಯಲಿಲ್ಲ. ದೊರೆಯುವ ಸಗಣಿಯಿಂದ ಎಲ್ಲರ ಅಡಿಗೆಗೂ ಸಾಕಾಗುವಷ್ಟು ಅನಿಲವಾಗಲಿಲ್ಲ. ಅಲ್ಲದೆ ಅಲ್ಲಿನ ಜನರು ಬಿಟ್ಟಿಯಾಗಿ ಆರಿಸಿ ತರುವ ಸೌದೆಯಿಂದ ಅಡಿಗೆ ಮಾಡುತ್ತಿದ್ದುದರಿಂದ ಅನಿಲವು ಅವರಿಗೆ ಅಷ್ಟು ಅಗತ್ಯವೆಂದು ತೋರಲಿಲ್ಲ. ಆ ವಿದ್ವಾಂಸರು ಹಟ ಹಿಡಿಯದೆ, ಊರವರಿಗೆ ಬೇಕಾದುದೇನೆಂದು ವಿಚಾರಿಸಿದರು. ಕುಡಿಯುವ ನೀರು ಬೇಕೆಂಬ ಉತ್ತರವು ಬಂದಿತು. 1987ರಿಂದ ಅದೇ ಅನಿಲದಿಂದ, ಸ್ವಲ್ಪ ಡೀಸೆಲ್ ಸೇರಿಸಿ, ಎಂಜಿನನ್ನು ನಡೆಸಿ, ಕೊಳವೆಬಾವಿಯ ನೀರನ್ನು ಎತ್ತಿ ನಲ್ಲಿಗಳಿಗೆ ಬಿಟ್ಟರು. ಮನೆಗಳಿಗೆ ದೀಪವನ್ನೂ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ಕಿಲೋಗೆ 2 ಪೈಸೆಯಂತೆ ಕೂಲಿ ಸಲ್ಲುತ್ತಿತ್ತು. ಬಗ್ಗಡವು ಸಗಣಿ ಕೊಟ್ಟವರಿಗೇ ಹಿಂದಿರುಗುತ್ತಿತ್ತು. ಈ ಏರ್ಪಾಡು ಹಲವು ವರ್ಷಗಳು ಚೆನ್ನಾಗಿ ನಡೆಯಿತು. ಎರಡು ಪೈಸೆಯು ದೊಡ್ಡ ಹಣವಲ್ಲ; ಆದರೆ ಅದು ಸಗಣಿ ಹೊತ್ತು ತಂದ ಹೆಂಗಸಿನ ಅಥವಾ ಹುಡುಗನ ಕೈಗೆ ಬರುತ್ತಿತ್ತೆಂಬುದೇ ಮುಖ್ಯ.

ಉತ್ತರ ಕನ್ನಡ ಜಿಲ್ಲೆಯ ಶಿರಸಿಯ ಕಡೆ ಪರಿಸ್ಥಿತಿಯು ಬೇರೆ. ಅಲ್ಲಿ ಮನೆಯು ಅಡಿಕೆ ತೋಟಕ್ಕೆ ಹತ್ತಿರ, ನೀರು ಉಂಟು, ತೋಟಕ್ಕೆ ಗೊಬ್ಬರವು ವರ್ಷವೂ ಬೇಕೇ ಬೇಕು. ಸೊಪ್ಪಿನ ಬೆಟ್ಟಗಳಿಂದ ತಂದ ಸೊಪ್ಪನ್ನೂ ದರಕನ್ನೂ ಕೊಟ್ಟಿಗೆಯಲ್ಲಿ ಹಾಸುವ ಪೂರ್ವದ ಪದ್ಧತಿಯಿಂದ ಗಂಜಲವೂ ಹಾಳಾಗುವುದಿಲ್ಲ. ಇಂಥ ಸ್ಥಳದಲ್ಲಿ ಗೋಬರ್ ಗ್ಯಾಸ್ ಬಂದಾಗ, ಅದನ್ನು ಕಟ್ಟಿದ ಸ್ಥಳೀಯ ಮೇಸ್ತ್ರಿಗಳೂ ಉದ್ಯಮಿಗಳೂ ಕೆಟ್ಟರೆ ಬಂದು ರಿಪೇರಿ ಮಾಡಿಕೊಡುವವರಾಗಿಯೂ ಇದ್ದರು. ಸರ್ಕಾರದ ಸಹಾಯಧನವೂ ದೊರೆಯಿತು. 2001ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಅಲ್ಲಿ ನೋಡಲ್ಪಟ್ಟ ಘಟಕಗಳೆಲ್ಲವೂ ಕೆಲಸ ಮಾಡುತ್ತಿದ್ದುವೆಂದು ಕಂಡುಬಂದಿತು. ಬೇರೆ ಅನೇಕ ಸ್ಥಳಗಳಲ್ಲಿ ಸಹಾಯಧನದಿಂದ ಕಟ್ಟಿದ ಗುಂಡಿಗಳು ಎರಡೇ ವರ್ಷಗಳಲ್ಲಿ ಪಾಳುಬಿದ್ದಿರುವುದನ್ನು ನೋಡಿದವರಿಗೆ ಇದರ ಮಹತ್ವವು ತಿಳಿದೀತು. ಹಣದ ಸಹಾಯವು ಕಟ್ಟಿಸುತ್ತದೆ. ಕರೆದಾಗ ಬರುವ ಮೇಸ್ತ್ರಿಯು ಉಳಿಸುತ್ತಾನೆ.

ಆದರೆ ಇದನ್ನು ಎಲ್ಲ ಕಡೆಯೂ ಅನುಸರಿಸಲಾಗದು. 2 ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿಯೂ ಅಷ್ಟೇ ನೀರೂ ಬೇಕು. ಐದು ನಾಡ ರಾಸುಗಳಿಗೆ ಕಡಮೆಯಿರುವವನೂ, ಕುಡಿಯುವ ನೀರನ್ನೇ ಟ್ಯಾಂಕರಿನಿಂದ ಪಡೆಯುವವನೂ ಗುಂಡಿ ಪದ್ಧತಿಯನ್ನೇ ಹಿಡಿಯುವುದು ಲೇಸು. ಇಂದೂರಿನಲ್ಲಿ ಸರ್ ಆಲ್ಬರ್ಟ್ ಹೋವರ್ಡರು 1931ಕ್ಕೆ ಮುಂಚೆ ರೂಪಿಸಿದ ಕಾಂಪೋಸ್ಟ್ ಪದ್ಧತಿಯೂ, ಬೆಂಗಳೂರಿನಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಪದ್ಧತಿಯೂ ಈಗಲೂ ಉಪಯುಕ್ತವಾಗಿವೆ. ಹೋವರ್ಡರದರಲ್ಲಿ ಗುಡ್ಡೆಯನ್ನು ಆಗಾಗ್ಗೆ ತಿರುವಿಹಾಕಬೇಕು. ಆಚಾರ್ಯರದರಲ್ಲಿ ತಿರುವುವ ಕೆಲಸವಿಲ್ಲ, ಆದರೆ ಕಾಯಬೇಕು. ಆಳಿನ ಅಭಾವವಿರುವ ಮನೆಗೆ ಎರಡನೆಯದೇ ಅನುಕೂಲ.

ಮುಖಂಡರೂ ಹಿಡುವಳಿದಾರರೂ ಮಾಡಬಹುದಾದ ಕೆಲಸ

ಮೇಲಣ ಕಾರಣಗಳಲ್ಲಿ ಕೆಲವು ಒಬ್ಬ ರೈತನ ಕೈಮೀರಿದವು. ಆದರೆ ಊರಿನ ಕೈಮೀರಿದವಲ್ಲ.

ಮೊದಲನೆಯದಾಗಿ, ಬಾವಿಗೂ ಕೆರೆಯ ಕಾಲುವೆಗೂ ದೂರವಾಗಿ, ಹೊಲಗಳಿಗೆ ಹೋಗುವ ದಾರಿಯ ಪಕ್ಕದಲ್ಲಿ, ಊರಿನ ಎತ್ತರಕ್ಕಲ್ಲದೆ ತಗ್ಗಿಗೆ, ಗುಂಡಿಗಳಿಗಾಗಿ ಜಾಗವನ್ನು ಪಂಚಾಯಿತಿಯವರು ಗೊತ್ತುಮಾಡಿ ಮನೆಮನೆಗೆ ಹಂಚಿಕೊಡಲಿ. ಜಗಳವು ನಿಂತರೆ ಗೊಬ್ಬರವು ಉಳಿಯುತ್ತದೆ.

ಎರಡನೆಯದಾಗಿ, ಗುಂಡಿಯು 20 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳವಿದ್ದರೆ ಸಾಧಾರಣ ಮನೆಗೆ ಸಾಕು. ಕೊಟ್ಟಿಗೆಯಲ್ಲಿ ರಾತ್ರಿ ಒಣಹುಲ್ಲು, ತರಗು, ಕಡಲೆಹೊಟ್ಟು ಯಾವುದನ್ನಾದರೂ ಹಾಸಿ, ಗಂಜಲ ಹೀರಿದ ಹಾಸನ್ನು ಬೆಳಗ್ಗೆ ಸಗಣಿಯೊಡನೆ ಗುಂಡಿಯ ಒಂದು ತುದಿಯಿಂದ ತುಂಬುತ್ತ ಬರಬೇಕು. ನೆಲಮಟ್ಟಕ್ಕಿಂತ ಒಂದೂವರೆ ಎರಡು ಅಡಿ ಎತ್ತರವಾದ ಭಾಗವನ್ನು ಸಗಣಿ ಮಣ್ಣಿನಿಂದ ಬಳಿದು ಮುಚ್ಚಬೇಕು. ನಾಲ್ಕೈದು ತಿಂಗಳಲ್ಲಿ ಗೊಬ್ಬರವು ಹದಕ್ಕೆ ಬರುತ್ತದೆ. ಹೊಲಕ್ಕೆ ಹೊಡೆದ ಗೊಬ್ಬರವನ್ನು ಕುಪ್ಪೆಗಳಾಗಿಯೇ ವಾರಗಟ್ಟಲೆ ಬಿಸಿಲಿಗೆ ಬಿಡದೆ, ಹರಡಿದ ದಿನವೇ ಉತ್ತು ಮಣ್ಣಿಗೆ ಸೇರಿಸತಕ್ಕದ್ದು.

ಮೂರನೆಯದಾಗಿ, ಗೋಮಾಳದ ಅಂಚಿನಲ್ಲಿಯೂ ಬದುಗಳಲ್ಲಿಯೂ ಹೊಂಗೆ, ಗ್ಲಿರಿಸಿಡಿಯ ಮುಂತಾದ ಗಿಡಗಳನ್ನು ಬೆಳೆಸಿದರೆ, ಕಡ್ಡಿಯು ಒಲೆಗಾಗಿ, ಸೊಪ್ಪು ಗುಂಡಿಗಾಗಿ, ಬೆರಣಿಯ ಅಗತ್ಯವು ತಾನಾಗಿ ತಗ್ಗುತ್ತದೆ. ಬೇರೆ ಉರುವಲನ್ನು ತೋರಿಸದೆ ಬೆರಣಿಯನ್ನು ನಿಂದಿಸುವುದು ನ್ಯಾಯವಲ್ಲ.

ನಾಲ್ಕನೆಯದಾಗಿ, ಕೋರಿಗೆ ಕೊಟ್ಟಿರುವ ಹೊಲದ ಗೊಬ್ಬರದ ಖರ್ಚನ್ನು ಭೂಮಿಯ ಯಜಮಾನರು ತಾವೇ ಹೊರಲಿ. ಮೂರು ವರ್ಷಗಳ ಫಲವು ಯಾರ ಭೂಮಿಯಲ್ಲಿ ಉಳಿಯುತ್ತದೆಯೋ ಅವರೇ ಅದರ ಬೆಲೆಯನ್ನು ಕೊಡುವುದು ಧರ್ಮ, ಲಾಭವೂ ಹೌದು. ದನಗಳಿಲ್ಲದ ಜಮೀನುದಾರರು, ದನಗಳುಳ್ಳ ಸಣ್ಣ ರೈತನಿಂದ ಗೊಬ್ಬರವನ್ನು ಕಣ್ಣಳತೆಯಲ್ಲಿ ಕೊಳ್ಳದೆ, ತೂಕಕ್ಕೋ ಟ್ರೈಲರಿನ ಅಳತೆಗೋ ನ್ಯಾಯವಾದ ಬೆಲೆಯನ್ನು ಕೊಟ್ಟು ಕೊಳ್ಳಲಿ. ಮಣ್ಣು ಬೆರಸದ, ಗುಂಡಿಯಲ್ಲಿ ಕಾಪಾಡಿದ ಗೊಬ್ಬರಕ್ಕೆ ಹೆಚ್ಚು ಬೆಲೆ ಸಿಕ್ಕುವುದೆಂದು ಗೊತ್ತಾದರೆ, ಅದನ್ನು ಕಾಪಾಡುವ ಕಷ್ಟಕ್ಕೆ ಅವನು ತಾನಾಗಿಯೇ ಕೈಹಾಕುವನು.

ಕಡೆಯದಾಗಿ, ಈ ವಿಚಾರವನ್ನು ಮನೆಯ ಹೆಂಗಸರೊಡನೆಯೂ ಆಡಬೇಕು. ಮಾರಿದ ಗೊಬ್ಬರದ ಹಣದಲ್ಲಿ ಅವರ ಪಾಲನ್ನು ಅವರ ಕೈಗೇ ಕೊಡುವ ಪದ್ಧತಿಯು ಬೇರೂರಿದರೆ, ಬುಟ್ಟಿಯು ಬೆರಣಿಯ ಗೋಡೆಯ ಕಡೆಗೆ ಹೋಗದೆ ಗುಂಡಿಯ ಕಡೆಗೆ ತಿರುಗೀತು.

ಸಾರಾಂಶವೇನೆಂದರೆ, ರೈತನು ಗೊಬ್ಬರವನ್ನು ಹಾಳುಮಾಡುವುದು ಅದನ್ನು ಕಾಪಾಡಿದವರಿಗೆ ಅದರ ಫಲವು ದೊರೆಯದ ಕಡೆ. ಕಾಪಾಡಿದವರ ಕೈಗೆ ಫಲವು ಸೇರುವ ಕಡೆ, ಎಂದರೆ ಅಡಿಕೆಯ ತೋಟದಲ್ಲಿ, ಕುರಿಮಂದೆಯ ಹೊಲದಲ್ಲಿ, ಪುರದ ನಲ್ಲಿಯ ಬಳಿಯಲ್ಲಿ, ಉಪದೇಶದ ಅಗತ್ಯವು ಕಂಡುಬರಲಿಲ್ಲ. ಬರುವ ಯುಗಾದಿಯೊಳಗಾಗಿ ವಾಚಕರಲ್ಲಿ ಒಬ್ಬೊಬ್ಬರು ತಮ್ಮ ಗ್ರಾಮದಲ್ಲಿ ಒಂದೊಂದು ಗುಂಡಿಯನ್ನಾದರೂ ಮೇಲೆ ಹೇಳಿದ ಕ್ರಮದಲ್ಲಿ ತುಂಬಿಸಿ, ಆ ಗೊಬ್ಬರವನ್ನು ಹೊಲದ ಅರ್ಧಕ್ಕೆ ಮಾತ್ರ ಹಾಕಿ, ಉಳಿದರ್ಧಕ್ಕೆ ಬಯಲು ತಿಪ್ಪೆಯ ಗೊಬ್ಬರವನ್ನೇ ಹಾಕಿ ನೋಡಲಿ. ಮುಂದಿನ ಸುಗ್ಗಿಯಲ್ಲಿ ಎರಡು ಭಾಗಗಳ ತೆನೆಯನ್ನೂ ಬೇರೆಬೇರೆಯಾಗಿ ಬಡಿದು ಅಳೆದರೆ, ಊರಿನವರು ಕಣದ ರಾಶಿಯನ್ನು ನೋಡಿಯೇ ತೀರ್ಮಾನಿಸಿಕೊಳ್ಳುವರು.